ಹಗ್ಗದ ಆ ತುದಿ

“ನೀರಿಗೆ ಹೆದರ್ಬೇಡಿ ಅಂತ ನಾನು ಹೇಳುದಿಲ್ಲ. ಹೆದರಿ. ಆದ್ರೆ ಬಾಯಿ ಮುಚ್ಚಿಕೊಂಡು ಹೆದರಿ.”

ಮುಂಬಯಿಯ ಪಕ್ಕದ ಠಾಣೆ ಊರಿನ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಹೊಸದಾಗಿ ಸೇರಿದವರಿಗೆ ಟೀಚರ್ ಹೇಳುತ್ತಿದ್ದ ಮೊದಲ ಪಾಠ ಇದು. ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳುತ್ತಿದ್ದರು. ನಾನು ಕನ್ನಡದವಳೆಂದು ತಿಳಿದ ಮೇಲೆ ನನಗೊಬ್ಬಳಿಗಾಗಿ ಕನ್ನಡದಲ್ಲೂ ಹೇಳಿದರು. ನಾನಾಗ ಅಲ್ಲೇ ವರ್ತಕ ನಗರದಲ್ಲಿದ್ದೆ. ಫೈನಾನ್ಸ್ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತೂ ಕೂತೂ ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ಈಜು ಕಲಿಯಿರಿ ಅಂದಿದ್ದಕ್ಕೆ ಅವರನ್ನು ಬೈದುಕೊಂಡೇ ಹೋಗಿ ಸೇರಿದ್ದೆ. ಮೈಸೂರಿನವಳಾದ ನನಗೆ ನೀರು ಅಂದರೆ ನಲ್ಲಿಯಲ್ಲಿ ಬರಬೇಕು, ಇಲ್ಲವೇ ದೂರದಿಂದ ನೋಡಿ ಕೈಮುಗಿಯುವ ಹಾಗಿರಬೇಕು. ಅದರೊಳಗೆ ಇಳಿಯುವುದು ಬುದ್ಧಿ ನೆಟ್ಟಗಿರುವವರ ಕೆಲಸವಲ್ಲ ಎಂದೇ ನಂಬಿದ್ದೆ.

ಆ ಟೀಚರ್ ಈಚೆಗೆ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸತ್ತವರ ಹೆಸರನ್ನು ಸುಮ್ಮಸುಮ್ಮನೆ ಕರೆಯಬಾರದು, ಕರೆದರೆ ಎಲೆ ಹಾಕಿ ಬಡಿಸಬೇಕು ಎಂಬುದು ಅವರ ಮನೆಯ ಕಟ್ಟಳೆ. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಬರೆಯಲು ಕೈ ಬರುತ್ತಿಲ್ಲ.

ನೋಡಲು ಎತ್ತರದ ಆಳು. ನಲವತ್ತು ದಾಟಿದ್ದರೂ ಭುಜಗಳು ಹುಡುಗರ ಹಾಗಿದ್ದವು. ಕೂದಲಿಗೆ ಯಾವಾಗಲೂ ಕೊಳದ ಔಷಧಿಯ ವಾಸನೆ. ಮದುವೆಯಾಗಿರಲಿಲ್ಲ, ಡೊಂಬಿವಲಿಯಲ್ಲಿ ತಾಯಿಯ ಜೊತೆಗಿದ್ದರು, ಊರು ಉಡುಪಿಯ ಕಡೆಯ ಕಡಲ ದಂಡೆ. ಅವರದ್ದೊಂದು ವಿಚಿತ್ರ ಅಭ್ಯಾಸವಿತ್ತು. ನಿಂತೇ ಉಣ್ಣುತ್ತಿದ್ದರು. ಕೊಳದ ಬದಿಯಲ್ಲಿ ಸಾಲಾಗಿ ಕುರ್ಚಿಗಳಿದ್ದರೂ ಗೇಟಿನ ಹತ್ತಿರ ನಿಂತು, ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು, ಗಬಗಬನೆ ತಿಂದು ಮುಗಿಸುತ್ತಿದ್ದರು. ಲೋಕಲ್ ಟ್ರೇನಿನಲ್ಲಿ ಸೀಟಿಗಾಗಿ ಗಂಟಲು ಹರಿಯುವಷ್ಟು ಜಗಳವಾಡಿ ಕೂರುತ್ತಿದ್ದ ಹೆಂಗಸು ಊಟಕ್ಕೆ ಯಾಕೆ ಕೂರುವುದಿಲ್ಲ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಅವರೂ ನಗುತ್ತಿದ್ದರು, ಕಾರಣ ಮಾತ್ರ ಹೇಳುತ್ತಿರಲಿಲ್ಲ.

ಕಾರಣ ನನಗೆ ತಿಳಿದದ್ದು ಒಂದು ದೀಪಾವಳಿಯಲ್ಲಿ. ಮನೆಗೆ ಬಾ ಎಂದು ಕರೆದಿದ್ದರು. ಅಷ್ಟು ಹೊತ್ತಿಗೆ ನಾನು ಮುಳುಗದೆ ಕೊಳದ ಈ ಬದಿಯಿಂದ ಆ ಬದಿಗೆ ಹೋಗುತ್ತಿದ್ದೆ, ನಮ್ಮ ನಡುವೆ ‘ನೀವು’ ಹೋಗಿ ‘ನೀನು’ ಬಂದಿತ್ತು. ಅವರ ಕಡೆಯಿಂದ ಮಾತ್ರ. ನಾನು ಹೋದಾಗ ನಡುಮನೆಯ ನೆಲದಲ್ಲಿ ಬಾಳೆ ಎಲೆಗಳನ್ನು ಸಾಲಾಗಿ ಹಾಕಿ, ಕೋಳಿ ಸಾರು, ರೊಟ್ಟಿ, ಮೀನು, ಎಳನೀರು ಎಲ್ಲವನ್ನೂ ಬಡಿಸಿಟ್ಟಿದ್ದರು. ಎಲೆಗಳ ಮುಂದೆ ಯಾರೂ ಇರಲಿಲ್ಲ. ಟೀಚರ್ ಒಂದೊಂದು ಎಲೆಯ ಹತ್ತಿರ ಬಗ್ಗಿ, ಅಜ್ಜ, ಅಜ್ಜಿ, ದೊಡ್ಡಮಾವ, ಅಕ್ಕ ಎಂದು ಒಬ್ಬೊಬ್ಬರ ಹೆಸರು ಹಿಡಿದು ತುಳುವಿನಲ್ಲಿ ಕರೆದರು.

“ಬಲೆ, ಒಣಸ್ ಮಲ್ಪುಲೆ.”

ಬನ್ನಿ, ಊಟ ಮಾಡಿ ಎಂದು ಅರ್ಥ. ಸತ್ತ ಹಿರಿಯರಿಗೆ ತುಳುವಿನಲ್ಲಿ ಕುಲೆ ಅನ್ನುತ್ತಾರಂತೆ. ಅದು ಕುಲೆಗಳ ಊಟ. ಕರೆದ ಮೇಲೆ ಎಲ್ಲರೂ ಹೊರಗೆ ಬಂದೆವು, ಟೀಚರ್ ಬಾಗಿಲು ಎಳೆದುಕೊಂಡರು. ಅವರು ಉಣ್ಣುವಾಗ ಬದುಕಿರುವವರು ನೋಡಬಾರದು. ನೋಡಿದರೆ ಎದ್ದು ಹೋಗುತ್ತಾರೆ, ಹಸಿದೇ ಹೋಗುತ್ತಾರೆ. ಮೂರನೆಯ ಮಹಡಿಯ ಆ ಸಣ್ಣ ಪ್ಯಾಸೇಜಿನಲ್ಲಿ ಟೀಚರ್, ಅವರ ತಾಯಿ, ತೀರಿಹೋದ ಅಕ್ಕನ ಮಗಳು, ನಾನು, ನಾಲ್ವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಎದುರು ಫ್ಲ್ಯಾಟಿನವರು ಲಿಫ್ಟಿನಿಂದ ಇಳಿದು, “ಚಾವಿ ಅಂದರ್ ರಹ್ ಗಯೀ ಕ್ಯಾ?”, ಬೀಗದ ಕೈ ಒಳಗೇ ಉಳಿಯಿತೇ ಎಂದು ಕೇಳಿದರು. ಟೀಚರ್ ಗಂಭೀರವಾಗಿ “ಹಾಂ” ಅಂದರು. ನನಗೆ ನಗು ತಡೆಯಲಾಗಲಿಲ್ಲ. ಆಗಲೇ ಮುಚ್ಚಿದ ಬಾಗಿಲಿನ ಒಳಗೆ, ನೆಲದ ಮೇಲೆ ಲೋಟ ಇಟ್ಟ ಹಾಗೆ ಸಣ್ಣದಾಗಿ ಸದ್ದಾಯಿತು. ಕೆಳಗಿನ ಮನೆಯದ್ದಿರಬಹುದು, ಈ ಕಟ್ಟಡಗಳ ಗೋಡೆಗಳು ಅಷ್ಟು ತೆಳು. ನಗು ಮಾತ್ರ ನಿಂತುಹೋಯಿತು.

ಸ್ವಲ್ಪ ಹೊತ್ತಾದ ಮೇಲೆ, ಹೊರಗೆ ನಿಂತವರಲ್ಲಿ ಹಿರಿಯರು ಬಾಗಿಲ ಮುಂದೆ ಕೆಮ್ಮಬೇಕು. ಒಳಗಿದ್ದವರಿಗೆ ನಾವು ಬರುತ್ತಿದ್ದೇವೆಂದು ತಿಳಿಸಲು. ತಾಯಿ ಕೆಮ್ಮಿದರು, ಒಳಗೆ ಹೋದೆವು.

ಗೋಡೆಗೆ ಒರಗಿಸಿಟ್ಟ ಒಂದು ಊಟದ ಮಣೆಯನ್ನು ನಾನು ಗಮನಿಸಿದ್ದು ಆಮೇಲೆ. ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಅದರ ಮುಂದೆ ಎಲೆ ಇರಲಿಲ್ಲ. ಅದು ಟೀಚರ್ ಅವರ ಅಪ್ಪನದ್ದು. ಅವರು ಮಂಗಳೂರು ಹಂಚು ಹೇರಿಕೊಂಡು ಮುಂಬಯಿಗೆ ಬರುತ್ತಿದ್ದ ಮಂಜಿಯನ್ನು, ಅಂದರೆ ಹಾಯಿ ಕಟ್ಟಿದ ಮರದ ಹಡಗನ್ನು, ನಡೆಸುತ್ತಿದ್ದರು. ಟೀಚರ್ ಒಂದನೇ ಕ್ಲಾಸಿನಲ್ಲಿದ್ದಾಗ ಹೊರಟ ಮಂಜಿ ಮುಂಬಯಿ ತಲುಪಲಿಲ್ಲ, ವಾಪಸು ಬರಲೂ ಇಲ್ಲ. ಒಂದು ಹಲಗೆಯೂ ಸಿಗಲಿಲ್ಲ. ಮಂಜಿಯ ಸುದ್ದಿ ಸಿಗಬಹುದಾದ ಕಡೆ ಇರೋಣವೆಂದು ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಈ ಕಡೆ ಬಂದವರು, ಇಲ್ಲೇ ಉಳಿದುಬಿಟ್ಟರು.

“ಅಪ್ಪನಿಗೆ ಎಲೆ ಹಾಕ್ಲಿಕ್ಕೆ ಅಮ್ಮ ಬಿಡುದಿಲ್ಲ” ಎಂದರು ಟೀಚರ್ ಅಡುಗೆ ಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತ. “ಬದುಕಿದ್ದವರನ್ನು ಕುಲೆ ಅಂತ ಕರೆದ್ರೆ ನಾವೇ ಕೊಂದ ಹಾಗೆ ಅಂತಾಳೆ. ನಾನು ಕೇಳುದು ಇಷ್ಟೇ. ಸತ್ತೇ ಹೋಗಿದ್ರೆ? ಇಷ್ಟು ವರ್ಷ ಎಲ್ಲರೂ ಬಂದು ಉಂಡು ಹೋಗುವಾಗ ಅಪ್ಪ ಒಬ್ರೇ ಬಾಗಿಲ ಹೊರಗೆ ಹಸಿದು ನಿಂತಿರ್ತಾರಲ್ಲ ಮಾರಾಯ್ತಿ? ಅದನ್ನು ನೆನೆಸಿದ್ರೆ ನಂಗೆ ಕೂತು ಉಣ್ಲಿಕ್ಕೆ ಆಗುದಿಲ್ಲ.”

ಅವರು ಈಜು ಕಲಿತದ್ದೇ ಅಪ್ಪನನ್ನು ಹುಡುಕಲು. ಇದನ್ನು ಅವರು ಯಾವ ನಾಟಕವೂ ಇಲ್ಲದೆ, ಕಲ್ಯಾಣದ ಮಾರ್ಕೆಟ್ಟಿನಲ್ಲಿ ತರಕಾರಿ ಅಗ್ಗ ಎಂದು ಹೇಳುವ ದನಿಯಲ್ಲೇ ಹೇಳಿದರು.

ಉರಣ್ ಕಡೆಯ ಕೋಳಿವಾಡದಲ್ಲಿ, ಅಂದರೆ ಮೀನುಗಾರರ ಕೇರಿಯಲ್ಲಿ, ಅವರಿಗೊಬ್ಬ ಬೋಟಿನವನ ಪರಿಚಯವಿತ್ತು. ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಮುದುಕ. ಅವನ ಮನೆಯ ಬಾಗಿಲಿಗೆ ಒತ್ತುಕೊಟ್ಟು ಇಟ್ಟಿದ್ದ ಒಂದು ಮಂಗಳೂರು ಹಂಚು ಟೀಚರ್ ಕಣ್ಣಿಗೆ ಬಿದ್ದಿತ್ತು. ಅದು ಬಲೆಯಲ್ಲಿ ಬಂದದ್ದು, ಆ ಕಡೆ ಬಂಡೆಗಳ ಹತ್ತಿರ ಬಲೆ ಹಾಕಿದರೆ ಹರಿಯುತ್ತದೆ, ಹಾಗಾಗಿ ಯಾರೂ ಹೋಗುವುದಿಲ್ಲ ಎಂದಿದ್ದ. ಅಂದಿನಿಂದ ಪ್ರತಿ ಚಳಿಗಾಲವೂ ಟೀಚರ್ ಅಲ್ಲಿಗೆ ಹೋಗುತ್ತಿದ್ದರು.

ಹುಡುಕುವ ರೀತಿ ಸರಳ. ಬೋಟಿನ ಹಿಂದೆ ಉದ್ದನೆಯ ಹಗ್ಗ, ಹಗ್ಗದ ತುದಿಗೆ ಒಂದು ಹಲಗೆ. ಕಣ್ಣಿಗೆ ಮಾಸ್ಕ್ ಹಾಕಿ, ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆಯನ್ನು ಬಾಯಲ್ಲಿ ಕಚ್ಚಿ, ಟೀಚರ್ ಹಲಗೆ ಹಿಡಿದು ಮುಖ ಕೆಳಗೆ ಮಾಡಿ ಮಲಗುತ್ತಿದ್ದರು. ಬೋಟು ನಡಿಗೆಯ ವೇಗದಲ್ಲಿ ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ಕೆಳಗೆ ಏನಾದರೂ ಕಂಡರೆ ಒಂದು ಕೈ ಮೇಲೆತ್ತಬೇಕು. ಬೋಟಿನಲ್ಲಿ ಕೂತ ಒಬ್ಬರು ಅವರ ಮೇಲಿನ ಕಣ್ಣು ತೆಗೆಯದೆ ನೋಡುತ್ತಿರಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

“ಕಾಕಾನ ಮಾತು ಕೇಳ್ಬೇಡ, ಹಕ್ಕಿ ನೋಡ್ಬೇಡ, ವಾಂತಿ ಬಂದ್ರೂ ನನ್ನನ್ನೇ ನೋಡಿಕೊಂಡು ವಾಂತಿ ಮಾಡು” ಎಂದಿದ್ದರು.

ಕಾಕಾ ನೋಡುತ್ತಿರಲಿಲ್ಲ. ಅವನಿಗೆ ನೋಡುವ ಅಗತ್ಯವೂ ಇರಲಿಲ್ಲ. ಹಗ್ಗದ ಮೇಲೆ ಬರಿಗಾಲು ಇಟ್ಟುಕೊಂಡು ಬೋಟು ನಡೆಸುತ್ತಿದ್ದ. ಹಲಗೆ ಬರಿದಾಗಿದ್ದರೆ ಹಗ್ಗ ಸಡಿಲವಾಗಿ ಕುಣಿಯುತ್ತಿತ್ತು. ಅದರಲ್ಲಿ ಜನ ಇದ್ದರೆ ಬಿಗಿದು, ಮರಕ್ಕೆ ಉಜ್ಜಿ, ಹಳೆಯ ತೊಟ್ಟಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಆ ಸದ್ದು ಈಗಲೂ ಕೆಲವೊಮ್ಮೆ ಕಿವಿಯಲ್ಲಿ ಕೇಳಿಸುತ್ತದೆ.

ಅಲ್ಲಿನ ಕಡಲು ಚಹಾದ ಬಣ್ಣದ್ದು. ಉಬ್ಬರವಿಳಿತ ಕಡಿಮೆಯಿರುವ ದಿನಗಳಲ್ಲಿ ಮಾತ್ರ ಕೆಸರು ತಳಕ್ಕಿಳಿದು, ಎರಡಾಳು ಆಳದವರೆಗೆ ಮಬ್ಬಾಗಿ ಕಾಣುತ್ತದೆ. ಅಂಥ ಒಂದು ಬೆಳಗ್ಗೆ ಟೀಚರ್ ನನ್ನನ್ನೂ ಹಗ್ಗಕ್ಕೆ ಇಳಿಸಿದರು. ಒಲ್ಲೆ ಎಂದರೆ ಬಿಡಲಿಲ್ಲ. “ನೋಡುವವರಿಗೆ ಎಳೆಸಿಕೊಳ್ಳುದು ಎಂತ ಅಂತ ಗೊತ್ತಿರ್ಬೇಕು.”

ಗೊತ್ತಾಯಿತು. ಈಜುವಾಗ ನಾವು ನೀರಿನಲ್ಲಿ ಹೋಗುತ್ತೇವೆ. ಅಲ್ಲಿ ಯಾರೋ ನಮ್ಮನ್ನು ಕರೆದೊಯ್ಯುತ್ತಾರೆ. ಕೈಕಾಲು ಆಡಿಸದಿದ್ದರೂ ಮೈ ಮುಂದೆ ಸಾಗುತ್ತದೆ. ಕೆಳಗೆ ಹಸಿರು ಕತ್ತಲು, ಅದರೊಳಗಿಂದ ಇದ್ದಕ್ಕಿದ್ದಂತೆ ಬಂಡೆಯ ಬೆನ್ನೊಂದು ಹೊಟ್ಟೆಯ ಹತ್ತಿರ ಎದ್ದು ಬರುತ್ತದೆ, ಮತ್ತೆ ಇಲ್ಲವಾಗುತ್ತದೆ. ನನ್ನದೇ ಕೈಗಳು ಬಿಳುಚಿಕೊಂಡು ಬೇರೆಯವರ ಕೈಗಳ ಹಾಗೆ ಕಾಣುತ್ತಿದ್ದವು. ಕಿವಿಯಲ್ಲಿ ಉಸಿರಾಟದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಒಳಗೆ, ಹೊರಗೆ, ಒಳಗೆ, ಹೊರಗೆ. ಹಾಗೇ ಕೇಳುತ್ತ ಹೋದಾಗ, ನಾನು ಹೆದರಿ ಒಂದು ಸಲ ಉಸಿರು ನಿಲ್ಲಿಸಿದೆ. ಉಸಿರಾಟದ ಸದ್ದು ನಿಲ್ಲಲಿಲ್ಲ. ಬಲಗಡೆ, ನನ್ನ ಭುಜದ ಪಕ್ಕದಲ್ಲೇ, ನಿಧಾನವಾಗಿ ಇನ್ನೊಂದು ಸಲ ಬಂತು.

ಒಂದು ಕೈಯೇನು, ಎರಡೂ ಕೈ ಎತ್ತಿಬಿಟ್ಟೆ. ಬೋಟಿಗೆ ಹತ್ತಿಸಿ ಟವೆಲ್ ಹೊದಿಸುತ್ತ ಟೀಚರ್ ಮೆಲ್ಲಗೆ ಕೇಳಿದರು: “ಎರಡು ಉಸಿರು ಕೇಳಿತಾ?”

“ನಿಮಗೂ ಕೇಳ್ಸುತ್ತಾ?”

“ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡ್ರೆ ಹಾಗೆ ಕೇಳ್ತದಂತೆ” ಎಂದರು. ನನ್ನ ಮುಖ ನೋಡದೆ ಹೇಳಿದರು.

ಆಮೇಲೆ ನಾನು ನೀರಿಗಿಳಿಯಲಿಲ್ಲ, ನೋಡುವ ಕೆಲಸ ಮಾತ್ರ ಬಿಡಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಟೀಚರ್ ಕೈ ಎತ್ತಿದರು. ಹಲಗೆ ಬಿಟ್ಟು ಕೆಳಗೆ ಮುಳುಗಿದರು. ಕಾಕಾನನ್ನು ಕೂಗೋಣ ಎಂದು ನನಗನ್ನಿಸುವಷ್ಟು ಹೊತ್ತಾದ ಮೇಲೆ, ಚಿಪ್ಪು ಮೆತ್ತಿಕೊಂಡ ಒಂದು ಹಂಚು ಹಿಡಿದು ಮೇಲೆ ಬಂದರು. ಕೆಳಗೆ ಅಂಥವು ಪೇರಿಸಿಟ್ಟ ಹಾಗೇ ಇವೆ, ಯಾರೋ ಜೋಡಿಸಿಟ್ಟು ಈಗಷ್ಟೇ ಎದ್ದುಹೋದ ಹಾಗೆ ಇವೆ ಎಂದು ಹೇಳುವಾಗ ಅವರ ಹಲ್ಲು ಕಟಕಟ ಎನ್ನುತ್ತಿದ್ದವು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ನಾನಂತೂ ಅತ್ತೆ.

ತಾಯಿ ಮಾತ್ರ ಕರಗಲಿಲ್ಲ. ಹಂಚನ್ನು ಅಡುಗೆ ಕಟ್ಟೆಯ ಮೇಲಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿ, “ಹಂಚಿನ ಮಂಜಿ ಒಂದಾ ಎರಡಾ? ಇದ್ರಲ್ಲಿ ಇಂಥವರ ಗಂಡ ಅಂತ ಬರ್ದಿದ್ಯಾ?” ಎಂದು ಕೇಳಿದರು.

ಟೀಚರ್ ಕುಸಿದುಹೋದರು. ಕೊಳಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಬಂದರೂ ದಡದಲ್ಲೇ ನಿಂತು ಕೂಗಿ ಹೋಗುತ್ತಿದ್ದರು. ಆದರೆ ಆ ಹಂಚು ಮುದುಕಿಯ ನಿದ್ದೆಯನ್ನೂ ಕೆಡಿಸಿರಬೇಕು. ಒಂದು ದಿನ ತಾವಾಗಿಯೇ ಅಂದರಂತೆ: “ಕೇಳುವ. ಅವರನ್ನೇ ಕೇಳುವ. ಅಲ್ಲೇ ಬಡಿಸುವ. ಉಂಡ್ರೆ ಅವರು ಇಲ್ಲ, ಹೋದ್ರು ಅಂತ. ಉಣ್ಣದಿದ್ರೆ, ನಾನು ಇರುವವರೆಗೆ ನೀನು ಆ ಮಾತು ಎತ್ಬಾರ್ದು.”

ಹಾಗೆ ಆ ಮುದುಕಿ, ಗೋಡೆಗೆ ಒರಗಿಸಿದ್ದ ಮಣೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಅನ್ನ ಮತ್ತು ಬಂಗುಡೆ ಮೀನಿನ ಗಸಿಯ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಲೋಕಲ್ ಟ್ರೇನು, ಬಸ್ಸು, ರಿಕ್ಷಾ ಎಲ್ಲ ಹತ್ತಿ ಇಳಿದು ಬಂದರು. ಮೀನಿಗೆ ಮೀನು ತಂದಿದ್ದಾರೆ ಎಂದು ಕಾಕಾ ನಕ್ಕ. ವಿಷಯ ತಿಳಿದ ಮೇಲೆ ನಗು ನಿಲ್ಲಿಸಿ, ತಲೆಯ ಟೋಪಿ ತೆಗೆದು ಬದಿಗಿಟ್ಟ.

ಕಡಲು ಶಾಂತವಾಗಿತ್ತು. ಬಂಡೆಗಳ ಹತ್ತಿರ ಕಾಕಾ ಹಲಗೆಯ ಮೇಲೆ ಮಣೆಯನ್ನು ಬಿಗಿದು ಕಟ್ಟಿದ. ತಾಯಿ ಮಣೆಯ ಮೇಲೆ ಎಲೆ ಹಾಸಿ ಬಡಿಸಿದರು. ಎಲೆಯನ್ನೂ ದಾರದಿಂದ ಕಟ್ಟೋಣವೆಂದು ನಾನಂದೆ.

“ಬೇಡ. ಕಟ್ಟಿಹಾಕಿದ ಎಲೆಯಲ್ಲಿ ಯಾರು ಉಣ್ತಾರೆ?”

ಗಂಡನ ಹೆಸರನ್ನು ಅವರು ಬದುಕಿನಲ್ಲಿ ಒಮ್ಮೆಯೂ ಬಾಯಲ್ಲಿ ಹೇಳಿದವರಲ್ಲ. ಆ ಕಾಲದ ಹೆಂಗಸರು ಹೇಳುತ್ತಿರಲಿಲ್ಲ. ಮಗಳು ಕರೆಯಲು ಬಾಯಿ ತೆರೆದಾಗ ಅವರು ಕೈ ಅಡ್ಡ ಹಿಡಿದು ತಡೆದರು. ತಾವೇ ನೀರಿನ ಕಡೆ ಬಗ್ಗಿ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಹೆಸರು ಹಿಡಿದು ಕರೆದರು. “ಬಲೆ, ಒಣಸ್ ಮಲ್ಪುಲೆ.”

ಕಾಕಾ ಬೋಟು ಹೊರಡಿಸಿದ. ಹಗ್ಗ ಬಿಚ್ಚಿಕೊಳ್ಳುತ್ತ ಹಿಂದೆ ಸರಿಯಿತು. ನಾವು ನಾಲ್ವರೂ ಹಲಗೆಗೆ ಬೆನ್ನು ಹಾಕಿ ಕೂತೆವು. ಅಷ್ಟು ದಿನ ಕಣ್ಣು ತೆಗೆಯಬೇಡ ಎಂದು ಬೈಯುತ್ತಿದ್ದ ಟೀಚರ್ ಅಂದು ನನ್ನ ಗಲ್ಲ ಹಿಡಿದು ಮುಖವನ್ನು ಮುಂದಕ್ಕೆ ತಿರುಗಿಸಿದರು.

ಮೊದಲಿಗೆ ಹಗ್ಗ ಸಡಿಲವಾಗಿ ಕುಣಿಯುತ್ತಿತ್ತು. ಬರಿಯ ಹಲಗೆ ನೀರಿಗೆ ಪಟಪಟ ಬಡಿಯುವ ಸದ್ದು ಕೇಳುತ್ತಿತ್ತು. ಬಂಡೆಯನ್ನು ಬಳಸಿ ತಿರುಗಿದಾಗ ಆ ಸದ್ದು ನಿಂತಿತು. ಹಗ್ಗ ಬಿಗಿಯಿತು. ಮರಕ್ಕೆ ಉಜ್ಜಿ ಕಿರುಗುಟ್ಟತೊಡಗಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಟೀಚರ್ ಹಗ್ಗದಲ್ಲಿದ್ದಾಗ ಕೇಳುತ್ತಿದ್ದ ಸದ್ದು ಅದು. ಆದರೆ ಟೀಚರ್ ನನ್ನ ಪಕ್ಕದಲ್ಲಿದ್ದರು, ಅವರ ಬಟ್ಟೆ ಒಣಗಿತ್ತು, ಅವರ ಉಗುರು ನನ್ನ ಮಣಿಕಟ್ಟಿನಲ್ಲಿ ನಾಟಿತ್ತು.

ಕಾಕಾ ಹಗ್ಗದಿಂದ ಪಾದ ಎತ್ತಿದ. ಮತ್ತೆ ಇಟ್ಟ. “ದೋರೀ ಜಡ್ ಝಾಲೀ” ಎಂದ ಸಣ್ಣ ದನಿಯಲ್ಲಿ. ಹಗ್ಗ ಭಾರವಾಗಿದೆ. “ಮಾಗೇ ಕೋಣ್ ಆಹೇ?” ಹಿಂದೆ ಯಾರಿದ್ದಾರೆ ಎಂದು ಕೇಳುವಾಗಲೂ ಅವನು ತಿರುಗಿ ನೋಡಲಿಲ್ಲ.

ಎಂಜಿನ್ನಿನ ಸದ್ದು ದಪ್ಪವಾಯಿತು. ಬೋಟು ಬಂಡೆಯನ್ನು ಸುತ್ತಿತು, ಮತ್ತೆ ಸುತ್ತಿತು. ನನ್ನ ಕುತ್ತಿಗೆಯ ಹಿಂದೆ ಯಾರೋ ನೋಡುತ್ತಿದ್ದಾರೆ ಎನ್ನಿಸಿ, ತಿರುಗಿಬಿಡುತ್ತೇನೇನೋ ಎಂದು ಭಯವಾಗಿ ಕಣ್ಣು ಮುಚ್ಚಿಕೊಂಡೆ. ಡೀಸೆಲ್ ಮುಗಿಯುತ್ತದೆ, ನೀರು ಇಳಿಯುತ್ತಿದೆ ಎಂದು ಕಾಕಾ ಗೊಣಗಿದ. ಟೀಚರ್ ತಾಯಿಯ ಕಡೆ ನೋಡಿದರು. ಕೆಮ್ಮಬೇಕಾದವರು ಅವರೇ.

“ಇನ್ನೂ ಸ್ವಲ್ಪ” ಎಂದರು ತಾಯಿ. “ಅವರದ್ದು ಊಟ ನಿಧಾನ.”

ಆ ಮಾತು ಹೇಳುವಾಗ ಅವರ ಮುಖದಲ್ಲಿ ದುಃಖವಿರಲಿಲ್ಲ. ಗಂಡ ಒಳಗೆ ಉಣ್ಣುತ್ತಿದ್ದಾನೆ, ಆಮೇಲೆ ಬಾ ಎಂದು ಬಾಗಿಲಿಗೆ ಬಂದವರಿಗೆ ಹೇಳುವ ಹೆಂಡತಿಯ ಸಣ್ಣ ಗತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಹಗ್ಗ ತಾನಾಗಿ ಸಡಿಲವಾಯಿತು. ಹಲಗೆ ಮತ್ತೆ ಪಟಪಟ ಬಡಿಯಿತು. ಆಗ ಅವರು ಕೆಮ್ಮಿದರು.

ತಿರುಗಿ ನೋಡಿದೆವು. ಮಣೆ ಇತ್ತು. ಎಲೆಯೂ ಇತ್ತು. ಎಲೆ ಬರಿದಾಗಿತ್ತು, ಉಂಡು ಎದ್ದವರು ಮಡಚಿಟ್ಟ ಹಾಗೆ ನಡುವಿಗೆ ಮಡಚಿತ್ತು.

ಅಲೆ ಬಡಿದರೆ ಅನ್ನ ತೊಳೆದುಹೋಗುತ್ತದೆ, ಗಾಳಿಗೆ ಒದ್ದೆ ಎಲೆ ಮಡಚಿಕೊಳ್ಳುತ್ತದೆ, ಹರಿದ ಬಲೆ ಸಿಕ್ಕಿಕೊಂಡರೆ ಹಗ್ಗ ಭಾರವಾಗುತ್ತದೆ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಬೋಟಿನಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ತಾಯಿ ಬೊಗಸೆಯಲ್ಲಿ ಕಡಲ ನೀರು ತೆಗೆದು, ಯಾರೂ ಹೇಳದೆ, ತಮ್ಮ ಹಣೆಯ ಕುಂಕುಮವನ್ನು ತಾವೇ ತೊಳೆದುಕೊಂಡರು. ನನಗೆ ಅಳು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟೂ ಬಂತು. ಬೇಡ ಎಂದು ಕೈ ಹಿಡಿಯಬೇಕೆನಿಸಿತು. ಅವರು ನಿರಾಳವಾಗಿ ಉಸಿರು ಬಿಟ್ಟು, “ಪಾಪ, ಹಸಿದಿದ್ರು” ಎಂದಷ್ಟೇ ಅಂದರು.

ದಡಕ್ಕೆ ಬಂದ ಮೇಲೆ ಕಾಕಾನ ಹೆಂಡತಿ ಭಾಕರಿ ರೊಟ್ಟಿ, ಒಣಮೀನಿನ ಚಟ್ನಿ ಕೊಟ್ಟಳು. ಟೀಚರ್ ತಟ್ಟೆ ತೆಗೆದುಕೊಂಡು ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಅವರು ಕೂತು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಕ್ಕಳ ಹಾಗೆ ಒಂದೊಂದೇ ತುತ್ತು ಮುರಿದು, ಬೆರಳು ಚೀಪಿಕೊಂಡು, ಸಂಜೆಯಾಗುವವರೆಗೆ ಉಂಡರು. ಮುಂದೆ ಕೊಳದಲ್ಲೂ ಅಷ್ಟೇ. ಡಬ್ಬಿ ತೆಗೆದು ಕುರ್ಚಿಯಲ್ಲಿ ಕೂತರೆ ಮುಂದಿನ ಬ್ಯಾಚಿನವರು ಬಂದು ಕಾಯುತ್ತಿದ್ದರು. ಮುಂದಿನ ದೀಪಾವಳಿಯಿಂದ ಅವರ ಮನೆಯ ಸಾಲಿನಲ್ಲಿ ಒಂದು ಎಲೆ ಹೆಚ್ಚಾಯಿತು. ಕೆಲವು ವರ್ಷಕ್ಕೆ ತಾಯಿಯದೂ ಸೇರಿತು.

ಟೀಚರ್ ತೀರಿಕೊಂಡದ್ದು ನೀರಿನಲ್ಲಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿ, ಆ ಭುಜಗಳೆಲ್ಲ ಕರಗಿ. ಮೊನ್ನೆ ಅವರಿಗೆ ಮೊದಲ ಸಲ ಎಲೆ ಹಾಕುವ ದಿನ ಅಕ್ಕನ ಮಗಳು ನನ್ನನ್ನು ಕರೆದಳು. ಖಾರಘರದಲ್ಲಿ ಕೆಲಸ ಮಾಡುತ್ತಾಳೆ. ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಕೊಡುವುದು ಹಿಂದಿಯಲ್ಲಿ. ಬಾಯಿಪಾಠ ಮಾಡಿಕೊಂಡಿದ್ದ ತುಳು ಮಾತಿನಲ್ಲಿ, ಆ ಕಪ್ಪು ಮಣೆಯ ಮುಂದಿನ ಎಲೆಗೆ ಬಗ್ಗಿ, ಟೀಚರ್ ಹೆಸರು ಹಿಡಿದು ಕರೆದಳು. ನಾವಿಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಅದೇ ಪ್ಯಾಸೇಜು, ಅದೇ ಲಿಫ್ಟು. ಹೊರಗೆ ನಿಂತವರಲ್ಲಿ ಹಿರಿಯಳು ನಾನು. ಕೆಮ್ಮಬೇಕಾದವಳೂ ನಾನೇ.

ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು.

“ಆಂಟಿ, ಔರ್ ಕಿತನಾ ರುಕನಾ ಹೈ?” ಎಂದಳು ಹುಡುಗಿ ಪಿಸುದನಿಯಲ್ಲಿ, ಇನ್ನೆಷ್ಟು ಹೊತ್ತು ಕಾಯಬೇಕೆಂದು. “ಬಚಪನ್ ಮೇ ತೋ ಮೈನೇ ಮಾವ್ಶಿ ಕೋ ಖಡೇ ಖಡೇ ಖಾತೇ ದೇಖಾ ಹೈ. ದೋ ಮಿನಿಟ್ ಮೇ ಖತಮ್.” ಚಿಕ್ಕಂದಿನಲ್ಲಿ ಅವಳು ಕಂಡದ್ದು, ನಿಂತೇ ಎರಡು ನಿಮಿಷದಲ್ಲಿ ಉಂಡು ಮುಗಿಸುತ್ತಿದ್ದ ಮಾವ್ಶಿಯನ್ನು, ಅಂದರೆ ಚಿಕ್ಕಮ್ಮನನ್ನು.

“ಆಗ ಹಾಗೆ” ಎಂದೆ. “ಆಮೇಲೆ ನಿಮ್ಮ ಮಾವ್ಶಿ ಕೂತು ಉಣ್ತಿದ್ರು.”

ಮುಚ್ಚಿದ ಬಾಗಿಲಿನ ಒಳಗೆ, ನೆಲದ ಮೇಲೆ ಮಣೆ ಸರಿದ ಹಾಗೆ ಸಣ್ಣದಾಗಿ ಸದ್ದಾಯಿತು. ಹುಡುಗಿ ನನ್ನ ಕೈ ಹಿಡಿದುಕೊಂಡಳು. ಗಂಟಲಿನವರೆಗೆ ಬಂದಿದ್ದ ಕೆಮ್ಮನ್ನು ನಾನು ನುಂಗಿಕೊಂಡೆ.